ಬೀಸುಕಲ್ಲಿನ ಪದವೂ ಒಂದು ವಿದ್ಯೆಯೇ?



ಕಳೆದ ಸಂಚಿಕೆಯಲ್ಲಿ ಬೊರಿವಲಿಯ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಎರಡು ಕಾಲೂರಲು ಸ್ಥಳ ಸಂಪಾದಿಸುವ ವಿದ್ಯೆಯ ಕುರಿತು ಬರೆದಿದ್ದೆನಷ್ಟೆ. ಅದನ್ನೋದಿದ ಹಿರಿಯರೊಬ್ಬರು ಸಂಘದ ಸಭೆಯಲ್ಲಿ ಕೈಹಿಡಿದು ನಿಲ್ಲಿಸಿ, "ನಿಮ್ಮ ಅಂಕಣದಲ್ಲಿ ಬರೀ ಗಾಡಿ, ಕಛೇರಿ, ಕಾಯಿಪಲ್ಯದ ಬೆಲೆ ಇವಿಷ್ಟೇ ಆಯಿತು. ಮನೆಯ ಮಾತೂ ಒಂದಿಷ್ಟು ಬರಲಿ" ಎಂದರು. ಅವರ ನಾಲಿಗೆಯಲ್ಲಿ ಅದೇನು ಶಕ್ತಿಯಿದ್ದಿತೋ ಕಾಣೆ, ಅಂದಿನಿಂದ ನಮ್ಮ ಮನೆಯಲ್ಲಿ ಮಾತಿಗೆ ಕೊರತೆಯೇ ಇಲ್ಲದಂತಾಗಿದೆ.

ಸಂಗತಿ ಇಷ್ಟು. ನನ್ನ ತಂಗಿ ಈ ವರ್ಷ ಬಿ.ಎ. ಮುಗಿಸಿದಳು. ಬ್ಯಾಂಕಿನ ಪರೀಕ್ಷೆಗೆ ಕುಳಿತುಕೊಳ್ಳಲಿ ಎಂದು ತಂದೆಯವರ ಆಸೆ, ಬಿ.ಎಡ್. ಮಾಡಲಿ ಎಂದು ತಾಯಿಯ ಆಸೆ. ಒಂದು ಭಾನುವಾರ ಊಟಕ್ಕೆ ಕುಳಿತಾಗ ಅವಳು ಎರಡನ್ನೂ ಬದಿಗೆ ಸರಿಸಿ, "ನಾನು ಮಾನವಶಾಸ್ತ್ರ ಓದುತ್ತೇನೆ. ದರ್ಗಾಗಳಲ್ಲಿ ಹಾಡುವ ಸೂಫಿ ಪದಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಹಾಡಿಗೂ ಧರ್ಮಕ್ಕೂ ಮಳೆಬೆಳೆಗೂ ಇರುವ ನಂಟು ಯಾವುದು ಎಂದು ನನಗೆ ತಿಳಿಯಬೇಕಾಗಿದೆ" ಎಂದಳು.

ತಂದೆಯವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟು, "ದರ್ಗಾದಾಗ ಹಾಡು ಕೇಳಾಕ ಎಂ.ಎ. ಯಾಕ ಬೇಕು? ಗುರುವಾರ ಮಾಹೀಮಕ್ಕ ಹೋದ್ರ ಪುಕ್ಕಟೆ ಕೇಳಬಹುದಲ್ಲ" ಎಂದರು. ತಾಯಿ ಏನೂ ಹೇಳಲಿಲ್ಲ. ಊಟವಾದ ಮೇಲೆ ತಂದೆಯವರು ನನ್ನನ್ನು ಗ್ಯಾಲರಿಗೆ ಕರೆದು, "ನೀನೂ ಬಿ.ಎ. ಓದಿದವ. ಸರಕಾರಿ ಕಛೇರಿಯಾಗ ಕುಂತು ನಾಲ್ಕು ಮಂದೀನ ನೋಡಿದಾವ. ಆಕಿಗೆ ತಿಳಿಸಿ ಹೇಳು" ಎಂದು ಅಪ್ಪಣೆ ಕೊಟ್ಟರು. ಗುಮಾಸ್ತನಾದವನಿಗೆ ಅಪ್ಪಣೆ ಎಂದರೆ ಅಪ್ಪಣೆಯೇ. ಆದರೆ ಟಿಪ್ಪಣಿಯಿಲ್ಲದೆ ಕಡತವನ್ನು ಮೇಲಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದುದರಿಂದ ತಂಗಿಯ ವಿರುದ್ಧ ಆಧಾರಸಹಿತ ವಾದ ಹೂಡಬೇಕೆಂದು ನಿಶ್ಚಯಿಸಿ, ಪುಸ್ತಕಗಳನ್ನು ತಂದು, ಬೊರಿವಲಿಯಿಂದ ಚರ್ಚ್‌ಗೇಟಿನವರೆಗಿನ ದಾರಿಯಲ್ಲಿ ಓದತೊಡಗಿದೆ.

ನಾನು ಹುಡುಕುತ್ತಿದ್ದ ಪ್ರಶ್ನೆ ಸರಳವಾದದ್ದು: ಈ ವಿದ್ಯೆಯಿಂದ ಇದುವರೆಗೆ ಯಾರಾದರೂ ಉದ್ಧಾರವಾಗಿದ್ದಾರೆಯೇ?

ಮೊದಲ ಪೆಟ್ಟು ನನಗೇ ಬಿದ್ದಿತು. ಭಾರತದಲ್ಲಿ ಸಮಾಜಶಾಸ್ತ್ರಕ್ಕೆಂದು ವಿಶ್ವವಿದ್ಯಾಲಯದಲ್ಲಿ ಮೊಟ್ಟಮೊದಲು ವಿಭಾಗ ತೆರೆದದ್ದು ನಮ್ಮ ಮುಂಬಯಿಯಲ್ಲೇ, 1919ರಲ್ಲಿ. ಅದರ ಮೊದಲ ಪ್ರಾಧ್ಯಾಪಕರು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನವರು. ಅವರು ಕಲಿತದ್ದು ಜೀವಶಾಸ್ತ್ರ; ಹೆಸರಾದದ್ದು ನಗರ ಯೋಜನೆಯಲ್ಲಿ. ಊರೊಂದನ್ನು ಅರಿಯಬೇಕಾದರೆ ಅಲ್ಲಿನ ನೆಲ, ಅಲ್ಲಿನ ಕಸುಬು, ಅಲ್ಲಿನ ಜನ ಇವು ಮೂರನ್ನೂ ಕೂಡಿಸಿ ನೋಡಬೇಕೆಂಬುದು ಅವರ ಮತ. ಹಾಡು, ಧರ್ಮ, ಮಳೆಬೆಳೆ ಎಂದು ತಂಗಿ ಹೇಳಿದಾಗ ಅದು ಹುಡುಗು ಮಾತೆಂದು ನಾನು ತಿಳಿದಿದ್ದೆ. ನೂರು ವರ್ಷಗಳ ಹಿಂದೆಯೇ ಇದೇ ಊರಿನಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿದ್ದಿತು.

ಗೆಡ್ಡಿಸರ ತರುವಾಯ 1924ರಲ್ಲಿ ಆ ವಿಭಾಗದ ಹೊಣೆ ಹೊತ್ತವರು ಗೋವಿಂದ ಸದಾಶಿವ ಘುರ್ಯೆ. ಅವರ ಬಳಿಗೆ ಮೈಸೂರಿನಿಂದ ಬಂದ ಒಬ್ಬ ತರುಣ ವಿದ್ಯಾರ್ಥಿ ಎಂ. ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳ ಮೇಲೆ ಅವರು ಮುಂಬಯಿಯಲ್ಲಿ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಅನಂತರ ಕೊಡಗಿನವರ ಧರ್ಮವನ್ನು ಕುರಿತು ಅಭ್ಯಾಸಮಾಡಿ, ಆಕ್ಸ್‌ಫರ್ಡಿಗೆ ಹೋಗಿ, 1952ರಲ್ಲಿ ಆ ಗ್ರಂಥವನ್ನು ಪ್ರಕಟಿಸಿದರು. ಬಡೋದೆಯಲ್ಲಿ, ದಿಲ್ಲಿಯಲ್ಲಿ ವಿಭಾಗಗಳನ್ನು ಕಟ್ಟಿದರು, 1972ರಲ್ಲಿ ಬೆಂಗಳೂರಿಗೆ ಬಂದರು, 1999ರಲ್ಲಿ ತೀರಿಕೊಂಡರು. ಈ ದೇಶದ ಸಮಾಜದ ಬಗೆಗೆ ಜಗತ್ತಿನಲ್ಲಿ ಎಲ್ಲಿ ಪಾಠ ನಡೆದರೂ ಅವರ ಹೆಸರು ಬರುತ್ತದೆ.

ಅವರ ಜೀವನದ ಒಂದು ಪ್ರಸಂಗವನ್ನು ನಾನು ದಾದರಿನಿಂದ ಚರ್ಚ್‌ಗೇಟಿನವರೆಗೆ ಎರಡು ಸಲ ಓದಿದೆ. 1948ರಲ್ಲಿ ಅವರು ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲಸಿ, ಅಲ್ಲಿಯ ಉಳುಮೆ, ಜಗಳ, ಜಾತ್ರೆ, ಸಾಲಸೋಲಗಳನ್ನೆಲ್ಲ ಬರೆದುಕೊಂಡಿದ್ದರು. ಆ ಟಿಪ್ಪಣಿಗಳನ್ನು ಹದಿನೆಂಟು ವರ್ಷಗಳ ಕಾಲ ತಿದ್ದಿ, ವಿಂಗಡಿಸಿ, ಮೂರು ಪ್ರತಿ ಮಾಡಿ, ಪುಸ್ತಕ ಬರೆಯಲೆಂದು ಅಮೆರಿಕಾದ ಸ್ಟ್ಯಾನ್‌ಫರ್ಡಿಗೆ ಒಯ್ದರು. 1970ರ ಏಪ್ರಿಲ್ 24ರಂದು ಯಾರೋ ದುಷ್ಕರ್ಮಿಗಳು ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಆ ಕೋಣೆಯಲ್ಲೇ ಇದ್ದುದರಿಂದ ಮೂರೂ ಸುಟ್ಟವು. ಆಗ ಸಹೋದ್ಯೋಗಿಯೊಬ್ಬರು ಕೊಟ್ಟ ಸಲಹೆಯಂತೆ, ತಮಗೆ ನೆನಪಿದ್ದಷ್ಟನ್ನು ಆಧಾರವಾಗಿಟ್ಟುಕೊಂಡು ಬರೆಯಲು ಕುಳಿತರು. 1976ರಲ್ಲಿ ಹೊರಬಂದ ಆ ಪುಸ್ತಕವೇ ಅವರ ಅತಿ ಪ್ರಸಿದ್ಧ ಕೃತಿಯಾಯಿತು. ನೆನಪಿನಲ್ಲುಳಿದ ಹಳ್ಳಿ ಎಂದೇ ಅದಕ್ಕೆ ಹೆಸರಿಟ್ಟರು.

ಇದನ್ನು ಓದಿದ ನಾನು ವಿರೋಧದ ಕಡತದಲ್ಲಿ ಏನು ಬರೆಯಲಿ? "ಶ್ರೀನಿವಾಸರಂಥವರು ಲಕ್ಷಕ್ಕೊಬ್ಬರು" ಎಂದು ಬರೆದೆ. ಅದು ನಿಜವೂ ಹೌದು.

ಇನ್ನು ಸೂಫಿ ಹಾಡಿನ ಮಾತು. ಇದು ಹೆಚ್ಚೆಂದರೆ ಆರು ತಿಂಗಳ ಕೆಲಸವೆಂದೂ, ಅಷ್ಟರಲ್ಲಿ ತಂಗಿಗೆ ಬೇಸರ ಬರುವುದೆಂದೂ ನನ್ನ ಲೆಕ್ಕಾಚಾರವಿದ್ದಿತು. ಆಗ ರೆಗುಲಾ ಕುರೇಷಿ ಎಂಬ ವಿದುಷಿಯ ಪುಸ್ತಕ ದೊರೆಯಿತು. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಕಲಿತದ್ದು ಯೂರೋಪಿನ ಚೆಲೋ ವಾದ್ಯ, ಇಲ್ಲಿಗೆ ಬಂದು ಕಲಿತದ್ದು ಸಾರಂಗಿ, ಪ್ರಾಧ್ಯಾಪಕಿಯಾಗಿದ್ದದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ. ದಿಲ್ಲಿಯ ನಿಜಾಮುದ್ದೀನ್ ದರ್ಗಾದ ಕವ್ವಾಲರ ನಡುವೆ ಕುಳಿತು ಆಕೆ ನಡೆಸಿದ ಅಭ್ಯಾಸ 1986ರಲ್ಲಿ ಕೇಂಬ್ರಿಜ್‌ನಿಂದ ಗ್ರಂಥವಾಗಿ ಬಂದಿತು.

ಆಕೆ ಕಂಡುಕೊಂಡದ್ದು ಬಹಳ ಸೊಗಸಾದ ವಿಷಯ. ನಾವು ಕವ್ವಾಲಿಯನ್ನು ರೇಡಿಯೋದಲ್ಲೋ ಸಿನಿಮಾದಲ್ಲೋ ಕೇಳಿದವರು; ಹಾಡುವವನು ಹಾಡುತ್ತಾನೆ, ನಾವು ಕೇಳುತ್ತೇವೆ. ದರ್ಗಾದಲ್ಲಿ ಹಾಗಲ್ಲವಂತೆ. ಅಲ್ಲಿ ಹಾಡುವವನು ಕೇಳುವವರ ಮುಖವನ್ನು ಒಂದೇ ಸಮನೆ ನೋಡುತ್ತಿರುತ್ತಾನೆ. ಯಾವ ಮಾತಿಗೆ ಯಾರ ಕಣ್ಣು ಒದ್ದೆಯಾಯಿತು, ಯಾರ ತಲೆ ತೂಗಿತು, ಯಾರು ಕಾಣಿಕೆಯೊಡನೆ ಎದ್ದರು ಎಂದು ಗಮನಿಸಿ, ಆ ಮಾತನ್ನೇ ಮತ್ತೆ ಮತ್ತೆ ಹಾಡುತ್ತಾನೆ. ಭಾವಪರವಶನಾದವನು ತಿಳಿಗೊಳ್ಳುವವರೆಗೆ ಆ ಸಾಲನ್ನು ಬಿಡುವಂತಿಲ್ಲ. ಹೀಗೆ ಅಂದಿನ ಹಾಡು ಎತ್ತ ಹೋಗಬೇಕೆಂಬುದನ್ನು ಹಾಡುವವನೂ ಕೇಳುವವನೂ ಸೇರಿ ನಿಶ್ಚಯಿಸುತ್ತಾರೆ. ಇದನ್ನು ಅರಿಯಲು ಸ್ವರಲಿಪಿ ಬರೆದರೆ ಸಾಲದು. ಯಾರು ಎಲ್ಲಿ ಕುಳಿತಿದ್ದರು, ಯಾರು ಯಾವಾಗ ಎದ್ದರು ಎಂಬುದನ್ನೂ ಬರೆಯಬೇಕು. ಆಕೆ ಎರಡನ್ನೂ ಬರೆದರು.

ಅಂದು ಸಂಜೆ ನನ್ನ ಗಾಡಿ ಮಾಹೀಮನ್ನು ದಾಟುವಾಗ ಕಿಟಕಿಯಿಂದ ನೋಡಿದೆ. ಅಲ್ಲಿ ಮಲಗಿರುವ ಮಖದೂಮ್ ಅಲಿ ಮಾಹಿಮಿಯವರು 1431ರಲ್ಲಿ ತೀರಿಕೊಂಡ ಸೂಫಿ ಪಂಡಿತರು. ಅರಬಿ ಭಾಷೆಯಲ್ಲಿ ಕುರಾನಿಗೆ ವ್ಯಾಖ್ಯಾನ ಬರೆದವರು. ವರ್ಷಕ್ಕೊಮ್ಮೆ ನಡೆಯುವ ಅವರ ಉರುಸಿನಲ್ಲಿ ಮುಂಬಯಿ ಪೋಲೀಸಿನವರು ಚಾದರ ಅರ್ಪಿಸುವ ವಾಡಿಕೆ ಇಂದಿಗೂ ಇದೆ. ಹನ್ನೆರಡು ವರ್ಷಗಳಿಂದ ದಿನಕ್ಕೆರಡು ಬಾರಿ ಆ ದಾರಿಯಲ್ಲಿ ಹೋಗಿಬರುವ ನಾನು ಒಮ್ಮೆಯೂ ಅಲ್ಲಿ ಇಳಿದವನಲ್ಲ.

ತರುವಾಯದ ಪುಸ್ತಕ ನಮ್ಮ ಮನೆಯ ಹೊಸ್ತಿಲಿಗೇ ಬಂದಿತು. ನಮ್ಮ ತಂದೆ ತಾಯಿ ಇಬ್ಬರೂ ವಿಜಯಪುರ ಜಿಲ್ಲೆಯವರು. ತಂದೆಯವರ ಬಾಯಲ್ಲಿ ಅದು ಇಂದಿಗೂ ಬಿಜಾಪುರವೇ. ರಿಚರ್ಡ್ ಈಟನ್ ಎಂಬ ಅಮೆರಿಕಾದ ಇತಿಹಾಸಕಾರರು ಬಿಜಾಪುರದ ಸೂಫಿಗಳ ಮೇಲೆಯೇ ಒಂದು ಗ್ರಂಥ ಬರೆದು 1978ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಸೀಮೆಯ ಸೂಫಿಗಳ ಕಥೆ ದೊಡ್ಡದು. ದಿಲ್ಲಿಯ ಮೇಲೆ ತೈಮೂರನು ಏರಿಬಂದ 1398ರಲ್ಲಿ ಊರು ಬಿಟ್ಟ ಬಂದೇ ನವಾಜರು ಗುಲ್ಬರ್ಗಕ್ಕೆ ಬಂದು ನೆಲಸಿ, ಅಲ್ಲಿಯೇ 1422ರಲ್ಲಿ ತೀರಿಕೊಂಡರು. ಅವರದು ಸಂಗೀತ ಶ್ರವಣವನ್ನು ಸಾಧನೆಯ ಮಾರ್ಗವೆಂದು ಒಪ್ಪಿದ ಚಿಶ್ತಿ ಪಂಥ. ಬಿಜಾಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ತಾನೇ ಹಾಡುಗಳನ್ನು ಕಟ್ಟಿದವನು. ಅವನ ಕಿತಾಬ್-ಎ-ನವರಸದಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಬಂದೇ ನವಾಜರ ಸ್ತುತಿಯೂ ಇದೆ.

ಆದರೆ ಈಟನ್‌ರು ತೋರಿಸಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ದೊಡ್ಡ ದೊಡ್ಡ ಸೂಫಿಗಳು ಪಾರಸಿಯಲ್ಲಿ ಬರೆದ ತತ್ತ್ವಗ್ರಂಥಗಳನ್ನು ಹಳ್ಳಿಯವರು ಯಾರು ಓದಿಯಾರು? ಹಳ್ಳಿಗೆ ಆ ಭಕ್ತಿ ಮುಟ್ಟಿದ್ದು ಬಹುಮಟ್ಟಿಗೆ ಹೆಂಗಸರ ಹಾಡುಗಳ ಮೂಲಕ ಎನ್ನುತ್ತಾರೆ ಅವರು. ಬೀಸುವಾಗ ಹಾಡುವ ಚಕ್ಕಿನಾಮಾ, ನೂಲುವಾಗ ಹಾಡುವ ಚರಖಾನಾಮಾ, ತೊಟ್ಟಿಲು ತೂಗುವಾಗಿನ ಲೋರಿನಾಮಾ. ಬೀಸುಕಲ್ಲಿನ ಹಿಡಿಗೂಟ, ನಡುಗೂಟಗಳನ್ನು ದೇವರ ಹೆಸರಿಗೂ ಪ್ರವಾದಿಯವರಿಗೂ ಹೋಲಿಸಿ, ಕೈ ತಿರುಗಿದಂತೆ ನಾಮಸ್ಮರಣೆ ನಡೆಯುವಂತೆ ಆ ಪದಗಳನ್ನು ಕಟ್ಟಿದ್ದರಂತೆ. ಹಿಟ್ಟಿನ ಕೆಲಸವೂ ಆಯಿತು, ಧ್ಯಾನವೂ ಆಯಿತು.

ಕನ್ನಡದಲ್ಲಿಯೂ ಈ ಕೆಲಸ ನಡೆದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ತರೀಕೆರೆಯ ಬಳಿಯ ಸಮತಳವೆಂಬ ಹಳ್ಳಿಯವರು. ಮಾನವಶಾಸ್ತ್ರದ ಮೇಷ್ಟರಲ್ಲ, ಕನ್ನಡದ ಮೇಷ್ಟರು. ಊರೂರು ತಿರುಗಿ, ದರ್ಗಾ ಮಠಗಳ ಕಟ್ಟೆಯ ಮೇಲೆ ಕುಳಿತು, 'ಕರ್ನಾಟಕದ ಸೂಫಿಗಳು' ಎಂಬ ಗ್ರಂಥವನ್ನು 1998ರಲ್ಲಿ ಹೊರತಂದರು. ಮುಂದೆ ನಾಥಪಂಥ, ಶಾಕ್ತಪಂಥ, ಮೊಹರಂ ಹೀಗೆ ಒಂದೊಂದನ್ನೇ ಹಿಡಿದು ಬರೆದರು. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲದಿದ್ದರೂ ಅಲಾಯಿ ಕುಣಿ ತೋಡಿ, ಹೆಜ್ಜೆ ಹಾಕಿ, ರಿವಾಯತ ಪದ ಹಾಡುವುದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಕಂಡವರೇ. ನಾವು ಕಂಡು ಮರೆತದ್ದನ್ನು ಅವರು ಬರೆದಿಟ್ಟರು. ನಮ್ಮ ಬಿಜಾಪುರ ಸೀಮೆಯಿಂದ ಮುಂಬಯಿಗೆ ಬಂದು ಸಿನಿಮಾ ಗಾಯಕಿಯಾಗಿ ಹೆಸರಾದ ಅಮೀರ್‌ಬಾಯಿ ಕರ್ನಾಟಕಿಯವರ ಜೀವನವನ್ನು ಶೋಧಿಸಿ ಬರೆದವರೂ ಅವರೇ.

ಇಷ್ಟಾದರೂ ನನ್ನ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿದ್ದಿತು. ಒಂದು ರಾತ್ರಿ ತಂಗಿಯನ್ನು ಕೇಳಿದೆ: "ಹಾಡು ಸರಿ, ಧರ್ಮ ಸರಿ. ಇವುಗಳ ನಡುವೆ ಪರಿಸರವನ್ನೇಕೆ ಎಳೆದು ತಂದೆ? ಕಾಡು, ಮಳೆಗಳನ್ನು ನೋಡಿಕೊಳ್ಳಲು ಬೇರೆ ಇಲಾಖೆಗಳಿವೆ."

ಅವಳು ನಕ್ಕು, "ಅಣ್ಣಾ, ಇಲಾಖೆಗಳನ್ನು ಬೇರೆ ಮಾಡಿದವರು ನೀವು. ಹಳ್ಳಿಯವರಿಗೆ ಅದೆಲ್ಲ ಒಂದೇ ಕಡತ" ಎಂದಳು. ಆಮೇಲೆ ಒಂದೊಂದಾಗಿ ಹೇಳಿದಳು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ; ದೇವರದೆಂದು ಕೊಡಲಿ ಹಾಕದೆ ಬಿಟ್ಟದ್ದರಿಂದ ಅಲ್ಲಿ ಮರಗಳು ಉಳಿದವು. ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಎಂಬ ಸೂಫಿಯ ಹೆಸರಿದೆ. ಅವರು ಯೆಮನ್ನಿನಿಂದ ಏಳು ಕಾಫಿ ಬೀಜಗಳನ್ನು ತಂದು ಅಲ್ಲಿ ಊರಿದರೆಂಬುದು ಪ್ರತೀತಿ. ಇಂದು ಆ ಬೆಟ್ಟದ ಸುತ್ತಿನ ನೆಲ, ನೆರಳು, ಕೂಲಿ, ಬದುಕು ಎಲ್ಲವೂ ಆ ಗಿಡವನ್ನು ಹಿಡಿದು ನಡೆಯುತ್ತವೆ. ಸಂತನ ಕಥೆಯನ್ನು ಬಿಟ್ಟು ಆ ಬೆಟ್ಟದ ಕಥೆ ಹೇಳುವುದು ಹೇಗೆ?

"ಅಷ್ಟು ದೂರ ಏಕೆ? ನಮ್ಮ ಬೊರಿವಲಿಯನ್ನೇ ನೋಡು" ಎಂದಳು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರಿನ ಕಾಡು. ಅದರೊಳಗಿನ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳು ಕೊರೆದ ನೂರಕ್ಕೂ ಮಿಕ್ಕ ಗುಹೆಗಳಿವೆ. ಮಳೆಯ ನೀರನ್ನು ಹಿಡಿದಿಡಲು ಬಂಡೆಯಲ್ಲೇ ತೋಡಿದ ತೊಟ್ಟಿಗಳಿವೆ. ಅದೇ ಕಾಡಿನ ವಾರ್ಲಿ ಜನ ವಾಘೋಬಾ ಎಂದು ಹುಲಿ ಚಿರತೆಗಳನ್ನು ದೇವರಾಗಿ ಪೂಜಿಸುತ್ತಾರೆ. ಮುಂಬಯಿ, ಠಾಣೆ, ಪಾಲಘರಗಳ ಕಡೆಯ ಇಂಥ ನೂರೈವತ್ತರಷ್ಟು ವಾಘೋಬಾ ಗುಡಿಗಳನ್ನು ಸುತ್ತಿ ಬರೆದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಚಿರತೆಯೊಂದು ಕಾಂಪೌಂಡಿಗೆ ಬಂದಿತೆಂದರೆ ನಾವು ಸೊಸೈಟಿಯವರು ಕೂಗಾಡಿ ದೂರವಾಣಿ ಮಾಡುತ್ತೇವೆ. ವಾರ್ಲಿಯವರು ಅದರ ಪಕ್ಕದಲ್ಲೇ ತಲೆಮಾರುಗಳಿಂದ ಬಾಳಿದ್ದಾರೆ. ಆ ಬಾಳುವೆಯ ಕಟ್ಟಳೆ ಎಲ್ಲಿ ಬರೆದಿದೆ? ಪೂಜೆಯಲ್ಲಿ, ಕಥೆಯಲ್ಲಿ, ಹಾಡಿನಲ್ಲಿ.

ನಾನು ಸುಮ್ಮನಾದೆ. ಆದರೂ ಕಡತ ಮುಗಿದಿರಲಿಲ್ಲ. ಅದನ್ನು ಮುಗಿಸಿದವರು ನಮ್ಮ ತಾಯಿ.

ಮರುದಿನ ಶನಿವಾರ. ಜೋಳ ಬೀಸಿಸಿಕೊಂಡು ಬಾ ಎಂದು ತಾಯಿ ನನ್ನನ್ನು ಸ್ಟೇಶನ್ನಿನ ಕಡೆಯ ಚಕ್ಕಿಗೆ ಕಳಿಸಿದರು. ಮುಂಬಯಿಯಲ್ಲಿ ಹಿಟ್ಟಿನ ಗಿರಣಿಗೆ ಚಕ್ಕಿ ಎಂದೇ ಹೆಸರು ನೋಡಿ. ಕರೆಂಟಿನ ಆ ಯಂತ್ರದ ಆರ್ಭಟದಲ್ಲಿ ನಿಂತಾಗ, ಈ ಗದ್ದಲದಲ್ಲಿ ಯಾವ ಹೆಂಗಸು ಯಾವ ಪದ ಹಾಡಿಯಾಳು ಎಂದು ಅನ್ನಿಸಿತು. ಮನೆಗೆ ಬಂದು ಬಿಸಿ ಹಿಟ್ಟಿನ ಡಬ್ಬಿ ಇಳಿಸುತ್ತ, ಈಟನ್‌ರ ಪುಸ್ತಕದಲ್ಲಿ ಓದಿದ್ದನ್ನು ತಾಯಿಗೆ ಹೇಳಿದೆ. ಅಮೆರಿಕಾದವರೊಬ್ಬರು ನಿಮ್ಮ ಜಿಲ್ಲೆಯ ಬೀಸುವ ಪದಗಳ ಮೇಲೆ ಬರೆದಿದ್ದಾರೆ ಎಂದೆ.

"ಅಯ್ಯ, ಅದೇನ್ ಹಾಡೇನೋ? ಬೀಸೂಮುಂದ ಆಡೋ ಮಾತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಬಾಜೂಮನಿ ಆಪಾ ಹಾಡ್ತಿದ್ಲು. ನಾ ಎದುರಿಗೆ ಕೂತು ಗೂಟ ಹಿಡೀತಿದ್ದೆ" ಎಂದರು.

ತಂಗಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ಏನೂ ಮಾತನಾಡದೆ ತಾಯಿಯ ಎದುರಿಗೆ ನೆಲದ ಮೇಲೆ ಕುಳಿತಳು. ತಾಯಿ ಮೊದಲು ನಾಚಿದರು. ಆಮೇಲೆ ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತ, ಕಣ್ಣು ಮುಚ್ಚಿ ಹಾಡತೊಡಗಿದರು. ಮೂವತ್ತಾರು ವರ್ಷಗಳಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಅರ್ಧ ಕನ್ನಡ, ಅರ್ಧ ದಖನಿ. ಊರ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಪೀರನಿದ್ದಾನೆ. ಮಳೆಯಿಲ್ಲದೆ ನೆಲ ಬಿರಿದಿದೆ. ಹೆಂಗಸರೆಲ್ಲ ಕೊಡ ಹೊತ್ತು ಅವನ ಬಳಿಗೆ ಹೋಗುತ್ತಾರೆ. ನಾನು ಮೋಡವನ್ನು ಬೀಸುಕಲ್ಲಿಗೆ ಹಾಕಿ ಬೀಸುತ್ತೇನೆ, ಮಳೆ ಹಿಟ್ಟಿನ ಹಾಗೆ ಉದುರುತ್ತದೆ, ಆದರೆ ನೀವು ನನಗೊಂದು ಮಾತು ಕೊಡಬೇಕು ಎನ್ನುತ್ತಾನೆ ಪೀರ.

ಅಲ್ಲಿಗೆ ತಾಯಿಯ ಕೈ ನಿಂತಿತು. "ಮುಂದಿಂದು ನೆನಪಿಲ್ಲ" ಎಂದರು. ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಅಲ್ಲಿಯೇ ನಿಂತಿತು. ಪೀರನು ಏನು ಮಾತು ಕೇಳಿದ? ಮರ ಕಡಿಯಬೇಡಿರೆಂದನೋ, ಕೆರೆಯ ಹೂಳೆತ್ತಿರೆಂದನೋ, ಮತ್ತೇನೆಂದನೋ? ಮೂರನೆಯ ಸಲ ತಾಯಿಯ ಕಣ್ಣಲ್ಲಿ ನೀರು ಬಂದಿತು. "ಇಪ್ಪತ್ತು ವರ್ಷದ ಹಿಂದ ಯಾರರ ಕೇಳಿದ್ರ ಎಲ್ಲಾ ಹೇಳತಿದ್ದೆ. ಯಾರೂ ಕೇಳಲಿಲ್ಲಲ್ಲ" ಎಂದರು.

ಆಗ ನಮಗೆಲ್ಲ ಆಶ್ಚರ್ಯವಾಗುವಂತೆ ತಂದೆಯವರು ಹೊರಗಿನ ಕೋಣೆಯಿಂದ, "ನಮ್ಮವ್ವನೂ ಇದನ್ನ ಹಾಡತಿದ್ಲು" ಎಂದರು. 1972ರ ಬರದಲ್ಲಿ ಹದಿನಾಲ್ಕು ವರ್ಷದ ಹುಡುಗರಾಗಿ, ತಮ್ಮ ತಂದೆ ತಾಯಿಯರೊಡನೆ ಗಂಟು ಹೊತ್ತು ಮುಂಬಯಿಗೆ ಬಂದವರು ಅವರು. ಪಾತ್ರೆ ತಂದರು, ಹಾಸಿಗೆ ತಂದರು; ಬೀಸುಕಲ್ಲು ಭಾರವೆಂದು ಅಲ್ಲಿಯೇ ಬಿಟ್ಟು ಬಂದರಂತೆ. "ಕಲ್ಲು ಬಿಟ್ಟ ಮ್ಯಾಲ ಅವ್ವ ಎಂದೂ ಹಾಡಲಿಲ್ಲ" ಎಂದರು. ಮುಂದಿನ ಸಾಲು ಅವರಿಗೂ ಗೊತ್ತಿರಲಿಲ್ಲ.

ಅಂದೇ ರಾತ್ರಿ ತಾಯಿ ತವರಿಗೆ ದೂರವಾಣಿ ಮಾಡಿ ಆಪಾ ಹೇಗಿದ್ದಾಳೆಂದು ವಿಚಾರಿಸಿದರು. ಆಪಾ ತೀರಿಕೊಂಡು ಎಂಟು ವರ್ಷಗಳಾಗಿದ್ದುವು. ಯಾರೂ ತಿಳಿಸಿರಲಿಲ್ಲ, ಯಾರು ತಿಳಿಸಬೇಕು? ಆಕೆಯ ಸೊಸೆ ಸೊಲ್ಲಾಪುರದಲ್ಲಿದ್ದಾಳೆ, ಅತ್ತೆಯ ಜೊತೆ ಬೀಸಿದವಳು, ಅವಳಿಗೆ ನಾಲ್ಕು ಪದ ಬಂದರೂ ಬಂದೀತು ಎಂದರಂತೆ.

ವಾಚಕರೇ, ಶ್ರೀನಿವಾಸರ ಟಿಪ್ಪಣಿ ಸುಟ್ಟಿತು. ಆದರೆ ಅವರು ಒಮ್ಮೆ ಕಿವಿಗೊಟ್ಟು ಕೇಳಿ ಬರೆದುಕೊಂಡಿದ್ದುದರಿಂದ ನೆನಪಾದರೂ ಉಳಿದಿದ್ದಿತು. ನಮ್ಮ ಮನೆಯಲ್ಲಿ ಬೆಂಕಿ ಬೀಳಲಿಲ್ಲ. ಕೇಳುವವರಿಲ್ಲದೆ ಅರ್ಧ ಹಾಡು ಹೋಯಿತು. ಈ ವಿದ್ಯೆಯನ್ನು ಕಲಿತವರು ಮಾಡುವುದೇನು ಎಂದು ತಂದೆಯವರು ಕೇಳಿದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದೇ: ತಡವಾಗುವ ಮೊದಲು ಹೋಗಿ, ಎದುರಿಗೆ ಕುಳಿತು, ಕೇಳಿ, ಬರೆದಿಡುವುದು. ಅದನ್ನು ಸರಿಯಾಗಿ ಮಾಡಲು ಭಾಷೆ ಬೇಕು, ಸಂಗೀತದ ಕಿವಿ ಬೇಕು, ಬೇರೆಯವರ ದೇವರ ಎದುರಿಗೆ ವಿನಯ ಬೇಕು. ಇವೆಲ್ಲಕ್ಕೂ ವರ್ಷಗಳು ಬೇಕು. ಆದುದರಿಂದಲೇ ಅದಕ್ಕೆ ಎಂ.ಎ., ಪಿಎಚ್.ಡಿ. ಎಂದು ಕಾಲಾವಕಾಶ ಕೊಟ್ಟಿದ್ದಾರೆ.

ಇನ್ನು ಹೊಟ್ಟೆಪಾಡಿನ ಮಾತನ್ನು ಮರೆಮಾಚಲಾರೆ. ಗುಮಾಸ್ತನಿಗೆ ಅದು ಸಾಧ್ಯವೂ ಇಲ್ಲ. ತಂದೆಯವರ ಮುಂದೆ ಕಾಗದ ಹಿಡಿದು ಲೆಕ್ಕ ಬರೆದು ತೋರಿಸಿದೆ. ಎಂ.ಎ. ಎರಡು ವರ್ಷ. ಅನಂತರ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತರೆ 2023ರ ಜನವರಿಯಿಂದ ಜಾರಿಗೆ ಬಂದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಮೇಲೆ 42,000. ದೊರೆಯದಿದ್ದರೆ ಕಷ್ಟ. ದೊರೆಯುವವರು ಕೆಲವರು, ದೊರೆಯದವರು ಬಹಳ ಮಂದಿ. ಪಿಎಚ್.ಡಿ. ಆದ ಮೇಲೂ ಖಾಯಂ ನೌಕರಿಗೆ ಕಾಯುತ್ತ ತಾಸಿನ ಲೆಕ್ಕದಲ್ಲಿ ಪಾಠ ಹೇಳುವವರನ್ನು ನಾವು ಕಂಡಿದ್ದೇವೆ. ಇದೆಲ್ಲವನ್ನೂ ತಂಗಿಯ ಮುಂದೆಯೇ ಓದಿದೆ. ಅವಳು, "ಗೊತ್ತು" ಎಂದಳು. ನಾನು, ಹೊಸ ಸ್ಕೂಟರಿನ ಯೋಚನೆಯನ್ನು ಎರಡು ವರ್ಷ ಮುಂದೂಡಿದರೆ ಎಂ.ಎ. ಖರ್ಚು ಸಾಗುತ್ತದೆಂದು ಕೆಳಗೆ ಬರೆದು ರುಜು ಹಾಕಿದೆ. ನನ್ನ ಹೆಂಡತಿ ಓದಿ ನೋಡಿ, "ಬಸ್ಸು ಇದೆಯಲ್ಲ" ಎಂದಳು.

ತಂದೆಯವರು ಬಹಳ ಹೊತ್ತು ಕಾಗದ ನೋಡಿದರು. ಒಪ್ಪಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ. "ಸೊಲ್ಲಾಪುರಕ್ಕ ರಾತ್ರಿ ಗಾಡಿಗೆ ಟಿಕೀಟ ಸಿಗತಾವೇನು ನೋಡು. ಅವ್ವ ಮಗಳು ಇಬ್ಬರೂ ಹೋಗಿ ಬರಲಿ" ಎಂದಷ್ಟೇ ಹೇಳಿ ಕನ್ನಡಕ ತೆಗೆದಿಟ್ಟರು.

ಟಿಕೀಟು ಬರುವ ತಿಂಗಳಿಗೆ ದೊರೆತಿವೆ. ಪೀರನು ಕೇಳಿದ ಮಾತು ಯಾವುದೆಂದು ತಿಳಿದರೆ ಮುಂದಿನ ಸಂಚಿಕೆಯಲ್ಲಿ ಖಂಡಿತ ತಿಳಿಸುತ್ತೇನೆ. ತಿಳಿಯದಿದ್ದರೆ ಅದನ್ನೂ ತಿಳಿಸುತ್ತೇನೆ.

ಅಷ್ಟರೊಳಗೆ ತಮ್ಮಲ್ಲೊಂದು ಬಿನ್ನಹ. ಮೀರಾ ರೋಡಿನಿಂದ ಮಾಟುಂಗದವರೆಗೆ ನಮ್ಮ ಸಂಘದ ಮನೆ ಮನೆಗಳಲ್ಲಿ ಅಜ್ಜಿಯರಿದ್ದಾರೆ, ತಾಯಂದಿರಿದ್ದಾರೆ. ಒಬ್ಬರು ತುಳುನಾಡಿನವರು, ಒಬ್ಬರು ಕಾರವಾರದವರು, ಒಬ್ಬರು ಕಲಬುರಗಿಯವರು. ಬೀಸುವ ಪದವೋ, ನಾಟಿಯ ಪದವೋ, ಅಲಾಯಿ ಹಾಡೋ, ಏನೋ ಒಂದು ಅವರ ಗಂಟಲಲ್ಲಿ ಇದ್ದೇ ಇರುತ್ತದೆ. ಒಂದು ಶನಿವಾರ ಟಿ.ವಿ. ಆರಿಸಿ, ಅವರ ಎದುರಿಗೆ ನೆಲದ ಮೇಲೆ ಕುಳಿತುಕೊಳ್ಳಿರಿ. ಹಾಡು ಎಂದು ಕೇಳಬೇಡಿರಿ, ನಾಚಿಕೊಳ್ಳುತ್ತಾರೆ. ಬೀಸುವಾಗ ಎದುರಿಗೆ ಯಾರು ಕುಳಿತಿರುತ್ತಿದ್ದರು ಎಂದು ಕೇಳಿರಿ.

ಇತ್ಯಲಂ.